ಉತಾರದಲ್ಲಿ ಯಾರ ಹೆಸರಿದೆ? ಸ್ತ್ರೀವಾದ ಇನ್ನೂ ಬೇಕಾ ಅನ್ನುವ ವಾದದ ಒಳಗೆ

ನನ್ನ ತಮ್ಮನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನ ತಂಗಿ ಅಲ್ಲೇ ನರ್ಸಿಂಗ್ ಓದುತ್ತಾಳೆ. ಭಾನುವಾರ ಇಬ್ಬರೂ ಧಾರವಾಡದ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಹೋದ ವಾರ ಅವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

“ಅತ್ತಿ, ಹುಬ್ಬಳ್ಳಿಯಿಂದ ನಿಂತಕೊಂಡ ಬಂದೀನಿ. ರೊಕ್ಕಾ ಕೊಟ್ಟಾಂವ ನಾನು, ಸೀಟ್ ಸಿಕ್ಕಿದ್ದು ಫ್ರೀ ಟಿಕೆಟ್‌ನವರಿಗೆ. ಇದು ಸಮಾನತೆ ಏನು? ಹಿಂದ ಸ್ತ್ರೀವಾದ ಬೇಕಾಗಿತ್ತು, ಒಪ್ಪತೀನಿ. ಈಗಿಂದು ಬರೇ ಗಂಡಸರನ್ನ ಬೈಯೂದು.”

ತಂಗಿ ನಕ್ಕಳು, ಏನೂ ಹೇಳಲಿಲ್ಲ.

ಅವನು ಒಳ್ಳೆಯ ಹುಡುಗ. ಉಂಡ ತಾಟು ತಾನೇ ತೊಳೆದಿಡುತ್ತಾನೆ. ತಂಗಿಯ ಫೀಸಿನ ಚಿಂತೆ ಅಪ್ಪನಷ್ಟೇ ಅವನಿಗೂ ಇದೆ. ಅಂಥವನೇ ಹೀಗೆ ಕೇಳುತ್ತಾನೆ ಅಂದರೆ ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅವತ್ತು ಊಟದ ನಡುವೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳಲು ನೋಡುತ್ತೇನೆ.

ಮೊದಲು ಬಸ್ಸಿನ ಮಾತು. ‘ಶಕ್ತಿ’ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಸರ್ಕಾರಿ ಸಾದಾ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳು ರೊಕ್ಕ ಕೊಡದೆ ಓಡಾಡಬಹುದು. ನಮ್ಮ ಭಾಗದ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಅದೇ ಆದೇಶದಲ್ಲಿ ಇತ್ತು. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಇಲ್ಲಿ ‘ಸಮಾನತೆ’ ಅನ್ನುವ ಒಂದೇ ಪದದಲ್ಲಿ ಎರಡು ಅರ್ಥ ಸೇರಿಕೊಂಡಿವೆ. ಒಂದು, ಎಲ್ಲರಿಗೂ ಒಂದೇ ನಿಯಮ. ಇನ್ನೊಂದು, ನಿಯಮ ಒಂದೇ ಇದ್ದರೂ ಕೊನೆಗೆ ಯಾರ ಕೈಗೆ ಏನು ಸಿಕ್ಕಿತು ಅಂತ ನೋಡುವುದು. ನಮ್ಮ ಸಂವಿಧಾನದಲ್ಲಿ ಎರಡೂ ಇವೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುತ್ತದೆ 14ನೇ ವಿಧಿ. ಗಂಡು-ಹೆಣ್ಣು ಅಂತ ಸರ್ಕಾರ ಭೇದ ಮಾಡಬಾರದು ಅನ್ನುತ್ತದೆ 15ನೇ ವಿಧಿ. ಆದರೆ ಹೆಂಗಸರಿಗೆ, ಮಕ್ಕಳಿಗೆ ವಿಶೇಷ ಅನುಕೂಲ ಮಾಡಿಕೊಡಬಹುದು ಅಂತ ಅದೇ 15ನೇ ವಿಧಿಯ ಮೂರನೇ ಭಾಗ ಹೇಳುತ್ತದೆ. ಇದನ್ನು ಬರೆದವರಿಗೆ ಒಂದು ಮಾತು ಸ್ಪಷ್ಟವಿತ್ತು. ನೂರಾರು ವರ್ಷ ಹಿಂದೆ ನಿಲ್ಲಿಸಿದವರನ್ನು ಇವತ್ತು ಗೆರೆಯ ಮೇಲೆ ತಂದು ‘ಈಗ ಎಲ್ಲರೂ ಓಡಿ’ ಅಂದರೆ ಆಗುವುದಿಲ್ಲ.

ಅಣ್ಣಿಗೇರಿ, ನವಲಗುಂದದ ಕಡೆಯಿಂದ ಬುಟ್ಟಿ ಹೊತ್ತು ಹುಬ್ಬಳ್ಳಿಗೆ ಬರುವ ಹೆಣ್ಣುಮಕ್ಕಳನ್ನು ಮಾತಾಡಿಸಿ ನೋಡಿ. ಮೊದಲು ಬಸ್ ಚಾರ್ಜಿಗೆ ಗಂಡನ ಮುಂದೋ ಅತ್ತೆಯ ಮುಂದೋ ನಿಲ್ಲಬೇಕಿತ್ತು. ರೊಕ್ಕದ ಜೊತೆಗೆ ಎಲ್ಲಿಗೆ, ಯಾಕೆ, ಯಾರ ಜೊತೆ ಅನ್ನುವ ಪ್ರಶ್ನೆಯೂ ಬರುತ್ತಿತ್ತು. ಟಿಕೆಟ್ ಇಲ್ಲ ಅಂದ ಮೇಲೆ ಆ ಪ್ರಶ್ನೆ ಕೇಳುವವರ ಕೈಯಲ್ಲಿದ್ದ ಲಗಾಮು ಸ್ವಲ್ಪ ಸಡಿಲಾಯಿತು. ನನ್ನ ಮಟ್ಟಿಗೆ ಆ ಟಿಕೆಟ್ಟಿನ ನಿಜವಾದ ಬೆಲೆ ಇದೇ. ಹಾಗಂತ ಅಳಿಯನ ಸಿಟ್ಟು ಸುಳ್ಳಲ್ಲ. ದೊಡ್ಡ ಸಂಬಳದ ಹೆಣ್ಣುಮಗಳು ಫ್ರೀ, ಕೂಲಿಗೆ ಹೋಗುವ ಗಂಡಾಳಿಗೆ ಚಾರ್ಜು ಅನ್ನುವುದು ಯೋಚಿಸಬೇಕಾದ ಮಾತೇ. ಆದರೆ ಅವನು ನಿಂತುಕೊಂಡು ಬಂದದ್ದು ಬಸ್ಸು ಸಾಲದ್ದಕ್ಕೆ.

ಇನ್ನು ‘ಹಿಂದ ಬೇಕಾಗಿತ್ತು, ಈಗ ಬೇಡ’ ಅನ್ನುವ ಮಾತು. ಸ್ತ್ರೀವಾದದ ಇತಿಹಾಸವನ್ನು ಅಲೆ ಅಲೆಯಾಗಿ ಹೇಳುವ ರೂಢಿ ಇದೆ. ಮೊದಲ ಅಲೆ ಓಟಿನದ್ದು. 1893ರಲ್ಲಿ ನ್ಯೂಜಿಲೆಂಡ್ ದೇಶ ಹೆಂಗಸರಿಗೆ ಓಟು ಕೊಟ್ಟಿತು, ಅಮೆರಿಕದಲ್ಲಿ ಅದು 1920ಕ್ಕೆ ಬಂತು. 1960-70ರ ದಶಕದ ಎರಡನೇ ಅಲೆ ಮನೆಯೊಳಗಿನ ದುಡಿಮೆ, ಮೈಮೇಲಿನ ಹಕ್ಕು, ಹೊಡೆತ-ಬಡಿತದ ಬಗ್ಗೆ ಮಾತಾಡಿತು. ಮೂರನೆಯದು ‘ಹೆಂಗಸರು ಅಂದರೆ ಎಲ್ಲರೂ ಒಂದೇ ಅಲ್ಲ’ ಅಂದಿತು. ನಾಲ್ಕನೆಯದು ಮೊಬೈಲ್ ಕಾಲದ್ದು, ಲೈಂಗಿಕ ಕಿರುಕುಳ ಕಂಡವರು ಬಾಯಿಬಿಟ್ಟು ಹೇಳಿಕೊಂಡ 2017ರ ಮೀ ಟೂ ಅದರಲ್ಲಿ ದೊಡ್ಡದು. ಜನ ‘ಮಾಡರ್ನ್ ಫೆಮಿನಿಸಂ’ ಅಂತ ಬೈಯುವುದು ಹೆಚ್ಚಾಗಿ ಈ ಕೊನೆಯದನ್ನೇ.

ಈ ಲೆಕ್ಕ ನಮಗೆ ಸರಿಯಾಗಿ ಕೂಡುವುದಿಲ್ಲ. ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಓಟಿಗಿಂತ ಮೊದಲು ಇಲ್ಲಿ ಅಕ್ಷರದ ಹೋರಾಟ ನಡೆದಿತ್ತು. ಓಟಿನ ವಿಷಯದಲ್ಲಿ, 1950ರ ಸಂವಿಧಾನ ಗಂಡು-ಹೆಣ್ಣು ಇಬ್ಬರಿಗೂ ಒಂದೇ ದಿನ ಕೊಟ್ಟಿತು. ಆದರೆ ಆಸ್ತಿ? ಅಲ್ಲಿ ‘ಹಿಂದ’ ಅನ್ನುವ ಕಾಲ ಎಷ್ಟು ಹತ್ತಿರದಲ್ಲಿದೆ ಅಂತ ನಮ್ಮ ಮನೆಯ ಕತೆಯಿಂದಲೇ ಹೇಳುತ್ತೇನೆ.

ನಮ್ಮ ಅಪ್ಪನ ಹೊಲ ಗದಗ ಜಿಲ್ಲೆಯಲ್ಲಿದೆ. ಎರಿ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಅಕ್ಕನ ಮದುವೆ 1991ರಲ್ಲಿ ಆಯಿತು, ನನ್ನದು 1997ರಲ್ಲಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಂತ ಗಳಿಕೆಯಲ್ಲಿ ಮಗಳಿಗೂ ಪಾಲು ಕೊಟ್ಟಿತ್ತು. ಹಿರಿಯರಿಂದ ಬಂದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳದ್ದು. ಕರ್ನಾಟಕ ಇದನ್ನು ತಿದ್ದಿತು. 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಬಂತು. ಆದರೆ ಒಂದು ಷರತ್ತು: ಆ ದಿನದೊಳಗೆ ಅವಳಿಗೆ ಮದುವೆ ಆಗಿರಬಾರದು. ಹಾಗಾಗಿ ನನಗೆ ಹಕ್ಕು ಬಂತು, ಅಕ್ಕನಿಗೆ ಬರಲಿಲ್ಲ. ಒಂದೇ ಅಪ್ಪ-ಅವ್ವ, ಒಂದೇ ಹೊಲದಲ್ಲಿ ಇಬ್ಬರೂ ಕಳೆ ತೆಗೆದವರು. ಮದುವೆಯ ತಾರೀಖು ನೋಡಿ ಒಬ್ಬಳು ಒಳಗೆ, ಒಬ್ಬಳು ಹೊರಗೆ.

2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿ ಈ ಷರತ್ತು ತೆಗೆಯಿತು. ಮದುವೆ ಆಗಿರಲಿ ಬಿಡಲಿ, ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಜಿಸ್ಟರ್ ಆದ ವಾಟ್ನಿ, ಅಂದರೆ ಆಸ್ತಿಯ ಹಂಚಿಕೆ, ಇದ್ದರೆ ಅದನ್ನು ಮುಟ್ಟುವಂತಿಲ್ಲ. ಅಷ್ಟಾದರೂ ಗೊಂದಲ ಉಳಿಯಿತು. 2005ರ ಆ ದಿನ ಅಪ್ಪ ಬದುಕಿರಬೇಕಾ ಬೇಡವಾ ಅಂತ ಕೋರ್ಟುಗಳು ಬೇರೆ ಬೇರೆ ತೀರ್ಪು ಕೊಟ್ಟವು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ‘ಬದುಕಿರಬೇಕಾಗಿಲ್ಲ, ಹಕ್ಕು ಬಂದದ್ದು ಹುಟ್ಟಿನಿಂದ’ ಅಂತ ಇತ್ಯರ್ಥ ಮಾಡಿದ್ದು 2020ರ ಆಗಸ್ಟ್ 11ರಂದು. ಅಳಿಯ ಆಗ ಹೈಸ್ಕೂಲಿನಲ್ಲಿದ್ದ. ಅವನು ಹೇಳುವ ‘ಹಿಂದ’ ಅನ್ನುವುದು ಅವನ ಆಯುಷ್ಯದೊಳಗೇ ಇದೆ.

ಇಷ್ಟೆಲ್ಲ ಕಾನೂನು ಇದ್ದೂ ನಾನೇನು ಮಾಡಿದೆ? ಸಹಿ ಹಾಕಿದೆ.

ಅಪ್ಪ 2008ರಲ್ಲಿ ತೀರಿಕೊಂಡರು. ಮರುವರ್ಷ ತಮ್ಮ ಫೋನ್ ಮಾಡಿ ಅಕ್ಕನನ್ನೂ ನನ್ನನ್ನೂ ಕರೆದ. ಸಬ್ ರಜಿಸ್ಟ್ರಾರ್ ಆಫೀಸಿನ ಹೊರಗೆ ಬೇವಿನ ಗಿಡದ ಕೆಳಗೆ ಬಾಂಡ್ ರೈಟರ್ ಕಾಗದ ಸಿದ್ಧ ಮಾಡಿ ಕೂತಿದ್ದರು. ಹಕ್ಕು ಬಿಡುಗಡೆ ಪತ್ರ. “ಇಲ್ಲೊಂದು ಸಹಿ ಮಾಡ್ರಿ ಅಕ್ಕಾರ, ಇಲ್ಲೊಂದು, ಇಲ್ಲಿ ಹೆಬ್ಬಟ್ಟು.” ನಾನು ಬಿ.ಎ. ಓದಿದವಳು. ಪೂರ್ತಿ ಓದಿದೆ. ‘ಸ್ವಸಂತೋಷದಿಂದ’ ಅಂತ ಬರೆದಿತ್ತು. ಯಾರೂ ಜೋರು ಮಾಡಲಿಲ್ಲ. ತಮ್ಮ ನೆಲ ನೋಡುತ್ತ ನಿಂತಿದ್ದ. ಅಕ್ಕ ಮೊದಲು ಮಾಡಿದಳು, ನಾನು ಆಮೇಲೆ. ಮನೆಗೆ ಬಂದ ಮೇಲೆ ಅವ್ವ ಇಬ್ಬರಿಗೂ ಇಳಕಲ್ ಸೀರೆ, ಖಣ ಕೊಟ್ಟು ಉಡಿ ತುಂಬಿದಳು. ನನ್ನ ಹೆಬ್ಬೆರಳಿನ ನೀಲಿ ಮಸಿ ಆ ಸೀರೆಯ ಸೆರಗಿಗೆ ಹತ್ತಿತು. ಈಗಲೂ ಇದೆ. ಒಗೆದರೂ ಹೋಗಲಿಲ್ಲ.

ಯಾಕೆ ಹಾಕಿದೆ ಅಂತ ಕೇಳಿದರೆ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಒಂದೇ ಉತ್ತರ ಹೇಳುತ್ತಾರೆ. ಪಂಚಮಿಗೆ ಕರೆಯಲು ಯಾರು ಬರುತ್ತಾರೆ? ನಾಗರ ಪಂಚಮಿ ಅಂದರೆ ಇಲ್ಲಿ ತವರಿನ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಉಂಡಿ, ಜೋಕಾಲಿ, ಅವ್ವನ ಮಡಿಲು. ಪಾಲು ಕೇಳಿದವಳಿಗೆ ಆ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಕೋರ್ಟಿನ ತೀರ್ಪಿಗಿಂತ ದೊಡ್ಡದು. ಕಾನೂನು ಪಾಲು ಕೊಡಿಸಬಹುದು, ಪಂಚಮಿಗೆ ತಮ್ಮನನ್ನು ಕಳಿಸಲಾರದು.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುದು 14ರಷ್ಟು. ಹೊಲದಲ್ಲಿ ದುಡಿಯುವವರ ಲೆಕ್ಕ ಹಾಗಿಲ್ಲ ಅಂತ ಯಾವ ಹಳ್ಳಿಗೆ ಹೋದರೂ ಕಾಣುತ್ತದೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಉಳ್ಳಾಗಡ್ಡಿ ಕೊಯ್ಯುವುದು ಎಲ್ಲ ಹೆಣ್ಣಾಳಿನದ್ದೇ. ಆದರೆ ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಹೆಸರಿಲ್ಲ ಅಂದರೆ ಬೆಳೆ ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಬರ ಪರಿಹಾರ ಇಲ್ಲ. ಸರ್ಕಾರದ ಕಣ್ಣಿಗೆ ಅವಳು ರೈತಳೇ ಅಲ್ಲ.

ಹಾಗಾಗಿ ಸ್ತ್ರೀವಾದ ಇನ್ನೂ ಉಪಯೋಗಕ್ಕೆ ಬರುತ್ತದಾ ಅನ್ನುವ ಪ್ರಶ್ನೆಗೆ ನನ್ನ ಅಳತೆಗೋಲು ಬಹಳ ಸಾದಾ. ಉತಾರದಲ್ಲಿ ಯಾರ ಹೆಸರಿದೆ? ಮನೆಯಲ್ಲಿ ಯಾರು ಎಷ್ಟು ಹೊತ್ತು ದುಡಿಯುತ್ತಾರೆ? ‘ಒಲ್ಲೆ’ ಅಂದರೆ ಅವಳಿಗೆ ಏನಾಗುತ್ತದೆ? ಇವು ಬದಲಾಗಲು ಕೆಲಸ ಮಾಡುವ ಸ್ತ್ರೀವಾದ ಬೇಕು. ಇವನ್ನು ಮುಟ್ಟದ್ದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ದುಡಿಮೆಯ ಲೆಕ್ಕ ಸರ್ಕಾರವೇ ತೆಗೆದಿದೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವ ಹೊತ್ತು 289 ನಿಮಿಷ. ಗಂಡಸರಲ್ಲಿ ಮನೆಗೆಲಸ ಮಾಡುವವರು ಕೊಡುವುದು 88 ನಿಮಿಷ. ಹತ್ತಿರ ಹತ್ತಿರ ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ಇದಕ್ಕೆ ಪಗಾರ ಇಲ್ಲ, ರಜೆ ಇಲ್ಲ. ದುಡಿಮೆಗೆ ಇಳಿದ ಅಥವಾ ಕೆಲಸ ಹುಡುಕುವ ಹೆಂಗಸರ ಪ್ರಮಾಣ ಜಾಸ್ತಿ ಆಗಿದೆ ನಿಜ. 2017-18ರಲ್ಲಿ ನೂರಕ್ಕೆ 23ರಷ್ಟಿದ್ದದ್ದು 2023-24ಕ್ಕೆ 42ರ ಹತ್ತಿರ ಬಂದಿದೆ. ಆದರೆ ಅದರಲ್ಲಿ ಹಳ್ಳಿಯಲ್ಲಿ ಮನೆಯ ಹೊಲಕ್ಕೇ ಹೋಗುವವರು, ಸಂಬಳ ಇಲ್ಲದೆ ಕೈಜೋಡಿಸುವವರು ಬಹಳ. ಹೊರಗಿನ ದುಡಿಮೆ ಬಂತು ಅಂತ ಒಳಗಿನದು ಯಾರೂ ಹಂಚಿಕೊಳ್ಳಲಿಲ್ಲ.

ಇಲ್ಲಿ ಅಳಿಯ ಕೈ ಎತ್ತಿದ. “ಸುಳ್ಳು ಕೇಸ್ ಹಾಕ್ತಾರಲ್ಲ, ಅದರ ಬಗ್ಗೆ ಯಾಕ ಮಾತಾಡಂಗಿಲ್ಲ?”

ಮಾತಾಡಬೇಕು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧ ಮಾಡಿದ 498ಎ ಕಲಂ ಬಂದದ್ದು 1983ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಇದನ್ನು ಕೆಲವರು ಆಯುಧ ಮಾಡಿಕೊಂಡದ್ದಿದೆ. ಸಂಬಂಧವೇ ಇಲ್ಲದ ನಾದಿನಿ, ವಯಸ್ಸಾದ ಮಾವ ಎಲ್ಲರ ಹೆಸರೂ ದೂರಿನಲ್ಲಿ ಬಂದದ್ದಿದೆ. ಅದಕ್ಕೇ ಸುಪ್ರೀಂ ಕೋರ್ಟ್ 2014ರಲ್ಲಿ, ದೂರು ಬಂದ ತಕ್ಷಣ ಕಣ್ಣು ಮುಚ್ಚಿ ಬಂಧಿಸಬಾರದು, ಬಂಧನ ಯಾಕೆ ಬೇಕು ಅಂತ ಪೊಲೀಸರು ಬರೆದು ತೋರಿಸಬೇಕು ಅಂತ ಹೇಳಿತು. ಅದು ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಒಬ್ಬ ಗಂಡಸಿಗೆ ಅನ್ಯಾಯ ಆದರೆ ಅದು ಸ್ತ್ರೀವಾದದ ಗೆಲುವಲ್ಲ.

ಆದರೆ ಕೇಸು ಬಿದ್ದುಹೋಯಿತು ಅಂದರೆ ದೂರು ಸುಳ್ಳು ಅಂತ ಅರ್ಥ ಅಲ್ಲ. ವರ್ಷಗಟ್ಟಲೆ ಎಳೆದಾಡಿ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಸಾಕ್ಷಿ ಹೇಳಬೇಕಾದವರು ಅದೇ ಮನೆಯವರು. ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಹಿಂಸೆ ಕಂಡಿದ್ದೇವೆ ಅಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ 20ರ ಆಸುಪಾಸು ಇತ್ತು. ಹೇಳಿಕೊಳ್ಳುವ ಧೈರ್ಯ ಹೆಚ್ಚಾಗಿದ್ದೂ ಇದರಲ್ಲಿ ಸೇರಿರಬಹುದು. ಹಾಗಿದ್ದರೂ ಇದು ಸಣ್ಣ ಸಂಖ್ಯೆ ಅಲ್ಲ. ಇಡೀ ದೇಶದಲ್ಲಿ ಹಿಂಸೆ ಕಂಡವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಸುಳ್ಳು ದೂರಿನ ಬಗ್ಗೆ ನಾವು ಎಷ್ಟು ಮಾತಾಡುತ್ತೇವೋ, ಕೊಡದೇ ಉಳಿದ ದೂರಿನ ಬಗ್ಗೆಯೂ ಅಷ್ಟು ಮಾತಾಡಬೇಕಲ್ವಾ?

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆ ಆಯಿತು. ಮುಂದಿನ ತಿಂಗಳು ವೀರಾಪುರ ಓಣಿಯಲ್ಲಿ ಇನ್ನೊಬ್ಬ ಹುಡುಗಿಯನ್ನು ಅವಳ ಮನೆಯಲ್ಲೇ ಕೊಂದರು. ಒಲ್ಲೆ ಅಂದದ್ದಕ್ಕೆ ಹೀಗಾಯಿತು ಅಂತ ಊರೆಲ್ಲ ಮಾತಾಡಿತು. ಆಮೇಲೆ ಬಂದ್, ಮೆರವಣಿಗೆ, ಧರ್ಮದ ಮಾತು, ಪಕ್ಷದ ಮಾತು ಎಲ್ಲ ಬಂತು. ಹುಡುಗಿಗೆ ‘ಒಲ್ಲೆ’ ಅನ್ನುವ ಹಕ್ಕಿದೆ, ಅದನ್ನು ಕೇಳಿಸಿಕೊಳ್ಳಲು ಹುಡುಗರಿಗೆ ನಾವೆಲ್ಲಿ ಕಲಿಸುತ್ತಿದ್ದೇವೆ ಅನ್ನುವ ಮಾತು ಮಾತ್ರ ಆ ಗದ್ದಲದಲ್ಲಿ ಕೆಳಗೆ ಬಿತ್ತು. ನನ್ನ ತಮ್ಮ ಆ ವಾರ ಹೇಳಿದ್ದು ಇಷ್ಟೇ: “ಹುಡುಗಿನ್ನ ಓದು ಬಿಡಿಸಿ ಕರಕೊಂಡ ಬರೂಣೇನು?” ಮಗಳ ಓದಿನ ಬಗ್ಗೆ ಹೀಗಂದ. ಮಗನ ಓದಿನ ಬಗ್ಗೆ ಯಾರಿಗೂ ಆ ಯೋಚನೆ ಬರಲಿಲ್ಲ. ಪುಣ್ಯಕ್ಕೆ ಅವಳು ಓದು ಬಿಡಲಿಲ್ಲ.

ಈಗಿನ ಸ್ತ್ರೀವಾದದ ಮೇಲಿರುವ ಟೀಕೆಗಳಲ್ಲಿ ನನಗೆ ಬಹಳ ಗಟ್ಟಿ ಅನ್ನಿಸುವುದು ಬೇರೆಯೇ. ಅದು ಹೆಂಗಸರ ಒಳಗಿಂದಲೇ ಬಂದದ್ದು: ನೀವು ಮಾತಾಡುವುದು ಯಾವ ಹೆಂಗಸರ ಪರವಾಗಿ?

1989ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ಇದನ್ನು ಒಂದು ಕೇಸಿನ ಮೂಲಕ ಬಿಡಿಸಿ ತೋರಿಸಿದರು. ಒಂದು ಕಾರ್ ಕಂಪನಿಯ ವಿರುದ್ಧ ಕಪ್ಪು ಹೆಂಗಸರು ಕೋರ್ಟಿಗೆ ಹೋಗಿದ್ದರು. ಕಂಪನಿಯಲ್ಲಿ ಹೆಂಗಸರಿದ್ದರು, ಎಲ್ಲ ಬಿಳಿಯರು, ಆಫೀಸಿನಲ್ಲಿ. ಕಪ್ಪು ಜನರೂ ಇದ್ದರು, ಎಲ್ಲ ಗಂಡಸರು, ಕಾರ್ಖಾನೆಯಲ್ಲಿ. ಹಾಗಾದರೆ ಹೆಣ್ಣಿಗೂ ಭೇದ ಇಲ್ಲ, ಕಪ್ಪು ಜನರಿಗೂ ಭೇದ ಇಲ್ಲ ಅಂದಿತು ಕೋರ್ಟು. ಎರಡೂ ಆಗಿದ್ದವಳು ಯಾವ ಲೆಕ್ಕದಲ್ಲೂ ಕಾಣಲಿಲ್ಲ.

ಇದು ನಮಗೆ ಹೊಸದಲ್ಲ. ನಮ್ಮ ಗಂಗೂಬಾಯಿ ಹಾನಗಲ್ ಅವರನ್ನೇ ನೆನೆಸಿಕೊಳ್ಳಿ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಹಾಡಿದಾಗ ಇನ್ನೂ ಸಣ್ಣ ಹುಡುಗಿ. ಹಾಡಿಗಿಂತ ಹೆಚ್ಚಾಗಿ, ಊಟದ ನಂತರ ಎಂಜಲೆಲೆ ತೆಗೆಯಲು ಹೇಳುತ್ತಾರೇನೋ ಅಂತ ಜಾತಿಯ ಕಾರಣಕ್ಕೆ ಅಳುಕು ಇತ್ತು ಅಂತ ಅವರೇ ಮುಂದೆ ಹೇಳಿಕೊಂಡಿದ್ದರು. ದೊಡ್ಡ ಹೆಸರು ಬಂದ ಮೇಲೂ ಒಂದು ಮಾತು ಅವರನ್ನು ಬಿಡಲಿಲ್ಲ. ಗಂಡಸು ಹಾಡಿದರೆ ಪಂಡಿತ, ಉಸ್ತಾದ್ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ‘ಬಾಯಿ’ ಆಗಿಯೇ ಉಳಿಯುತ್ತಾಳೆ ಅನ್ನುತ್ತಿದ್ದರು. ಜಾತಿ ಒಂದು ಕಡೆಯಿಂದ, ಹೆಣ್ಣುತನ ಇನ್ನೊಂದು ಕಡೆಯಿಂದ. ಎರಡನ್ನೂ ಒಟ್ಟಿಗೆ ಹೊತ್ತವರಿಗೆ ಮಾತ್ರ ಗೊತ್ತು ಅದರ ಭಾರ.

ಇದೇ ಪ್ರಶ್ನೆ ನನ್ನ ಉತಾರದ ಕತೆಗೂ ತಗಲುತ್ತದೆ. ಹೊಲವೇ ಇಲ್ಲದ ಮನೆಯ ಹೆಣ್ಣುಮಗಳಿಗೆ ಪಾಲಿನ ಕಾನೂನಿಂದ ಏನು ಬಂತು? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬರು ನಮಗೆ ಪರಿಚಯ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನವಿಡೀ ಬಿಡಿಸಿದರೆ ರಾತ್ರಿ ಕೈ ಉರಿಯುತ್ತದೆ. ಆ ಘಾಟು ಮೂಗು, ಗಂಟಲು ಎಲ್ಲ ಹಿಡಿಯುತ್ತದೆ. ಮಗುವಿಗೆ ಮೊಲೆ ಕೊಡುವ ಮೊದಲು ಎಣ್ಣೆ ಹಚ್ಚಿ, ತೊಳೆದು, ಮತ್ತೆ ತೊಳೆದು ಎತ್ತಿಕೊಳ್ಳುತ್ತಿದ್ದೆ ಅಂದರು. ನಾನು ಹಕ್ಕು, ಸಮಾನತೆ ಅಂತ ಮಾತು ತೆಗೆದಾಗ ಅವರು ಕೇಳಿದ್ದು ಮೂರೇ: “ಕೂಡಾಕ ನೆಳ್ಳ ಬೇಕ್ರಿ, ಹೊರಕಡಿಗೆ ಹೋಗಾಕ ಜಾಗಾ ಬೇಕು, ಚೀಲಕ್ಕ ನಾಕ ರೂಪಾಯಿ ಹೆಚ್ಚ ಬೇಕು.” ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಆದರೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು ಹೆಂಗಸರೇ. ಗಂಡಾಳಿನ ಕೆಲಸವೇ ಬೇರೆ, ಕೂಲಿಯೇ ಬೇರೆ. ಹೋಲಿಸಲು ಪಕ್ಕದಲ್ಲಿ ಗಂಡಸೇ ಇಲ್ಲದ ಕಡೆ ‘ಸಮಾನ’ ಅನ್ನುವ ಪದ ಕೈಗೆ ಹತ್ತುವುದಿಲ್ಲ.

ಪೇಟೆಯ, ಓದಿದವರ ಸ್ತ್ರೀವಾದ ಇಂಥವರನ್ನು ಬಿಟ್ಟು ಮುಂದೆ ಹೋಗಿದೆ ಅನ್ನುವ ದೂರು ನಿಜ. ಆದರೆ ಅದನ್ನೇ ಹಿಡಿದು ಸ್ತ್ರೀವಾದವೇ ಓದಿದವರ ಆಟ ಅನ್ನುವವರಿಗೆ ಒಂದು ಸಂಗತಿ ಹೇಳಬೇಕು. ಇವತ್ತು ಕಂಪನಿ, ಬ್ಯಾಂಕು, ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅದು ಬಂದದ್ದು 2013ರ ಕಾಯ್ದೆಯಿಂದ, ಆ ಕಾಯ್ದೆಗೆ ಬುನಾದಿ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು. ಆ ತೀರ್ಪಿಗೆ ಕಾರಣ ರಾಜಸ್ಥಾನದ ಹಳ್ಳಿಯೊಂದರ ಭಂವರಿ ದೇವಿ. ಹಿಂದುಳಿದ ಜಾತಿಯ ಹೆಣ್ಣುಮಗಳು, ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ಕೆಲಸ. ಬಾಲ್ಯವಿವಾಹ ನಿಲ್ಲಿಸಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳಗಿನ ಕೋರ್ಟಿನಲ್ಲಿ ಆರೋಪಿಗಳಿಗೆ ಆ ಅಪರಾಧದಿಂದ ಬಿಡುಗಡೆ ಆಯಿತು. ಆದರೆ ಅವರ ಹೋರಾಟದಿಂದ ದೇಶದ ಎಲ್ಲ ಆಫೀಸಿನ ಹೆಂಗಸರಿಗೆ ರಕ್ಷಣೆ ಬಂತು. ಎ.ಸಿ. ಕೋಣೆಯಲ್ಲಿ ಕೂತು ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಆ ತಾಯಿಯ ಋಣದಲ್ಲಿದ್ದಾರೆ. ಪಂಚಾಯ್ತಿ ಮೀಸಲಾತಿಯೂ ಹೀಗೇ, ಹಳ್ಳಿಯಿಂದಲೇ ಶುರುವಾದದ್ದು. ಕರ್ನಾಟಕ 1983ರ ಕಾನೂನಿನಲ್ಲೇ ಹೆಂಗಸರಿಗೆ ನೂರಕ್ಕೆ 25 ಜಾಗ ಇಟ್ಟಿತ್ತು, 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಮೀಸಲಾತಿ ಇಲ್ಲದ ವಿಧಾನಸಭೆಗೆ 2023ರಲ್ಲಿ ಗೆದ್ದು ಬಂದ ಹೆಂಗಸರು 224ರಲ್ಲಿ ಹತ್ತೇ ಜನ.

ಮಾರ್ಚ್ 8ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜರ್ಮನಿಯ ಸಮಾಜವಾದಿ ನಾಯಕಿ ಕ್ಲಾರಾ ಜೆಟ್ಕಿನ್ 1910ರಲ್ಲಿ ಮಹಿಳಾ ದಿನ ಬೇಕು ಅಂದದ್ದು ದುಡಿಯುವ ಹೆಂಗಸರ ಓಟು, ಹಕ್ಕಿನ ಮಾತಿಗೆ. ಈಗ ಅವತ್ತು ರಂಗೋಲಿ ಸ್ಪರ್ಧೆ, ಸೀರೆಗೆ ರಿಯಾಯಿತಿ. ಮಾರುವವರು ಸ್ತ್ರೀವಾದದ ಮಾತನ್ನು ತಮ್ಮ ಸರಕಿಗೆ ಅಂಟಿಸಿಕೊಂಡರು, ನಾವು ಬಿಟ್ಟುಕೊಟ್ಟೆವು. ನನಗೆ ಇದು ನಿಜವಾಗಿ ನೋವು ತರುತ್ತದೆ. ಫೋನಿನಲ್ಲಿ ನಡೆಯುವ ಜಗಳವೂ ಹಾಗೆ. ಹೇಳಲು ಜಾಗವೇ ಇಲ್ಲದವರಿಗೆ ಮೀ ಟೂ ಜಾಗ ಕೊಟ್ಟಿತು, ಅದು ದೊಡ್ಡದು. ಆದರೆ ‘ಎಲ್ಲ ಗಂಡಸರೂ ಹಾಗೇ’ ಅಂತ ಒಂದು ಸಾಲು ಬರೆದು ಕೂತರೆ ನನ್ನ ಅಳಿಯನಂಥ ಹುಡುಗರು ದೂರ ಸರಿಯುತ್ತಾರೆ. ಅವರನ್ನು ಹಿಡಿದುಕೊಳ್ಳಲು ಆ ಕಡೆ ಬೇರೆಯವರು ಕಾದಿರುತ್ತಾರೆ.

ಗಂಡಸರ ಮಾತಿಗೆ ಬರೋಣ. ಸಮಾನತೆಯ ಲೆಕ್ಕದಲ್ಲಿ ಗಂಡಸರೂ ಇದ್ದಾರೆ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಅನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ. ಅದರಲ್ಲಿ ನೂರಕ್ಕೆ 72ರಷ್ಟು ಗಂಡಸರು. ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ಈ ಸುದ್ದಿ ಹೊಸದಲ್ಲ. ಬೀಜ, ಗೊಬ್ಬರಕ್ಕೆ ಸಾಲ, ಮಳೆ ಕೈಕೊಟ್ಟದ್ದು, ರೇಟು ಬಿದ್ದದ್ದು ಎಲ್ಲ ಕಾರಣ ಇವೆ. ಅವುಗಳ ಜೊತೆ ಇನ್ನೊಂದೂ ಇದೆ. ಮನೆ ನಡೆಸುವವನು ನಾನೊಬ್ಬನೇ, ಸೋತೆ ಅಂತ ಹೆಂಡತಿಯ ಮುಂದೆ ಹೇಳಬಾರದು ಅನ್ನುವ ಹಟ. ‘ಗಂಡಸಾಗಿ ಅಳತಿ ಏನ’ ಅಂತ ನಾವೇ ಐದು ವರ್ಷದ ಹುಡುಗನಿಗೆ ಹೇಳಿ ಹೇಳಿ ಕಲಿಸಿದ್ದು ಅದು. ಎಷ್ಟೋ ಮನೆಗಳಲ್ಲಿ ಸಾಲ ಎಷ್ಟಿತ್ತು ಅಂತ ಹೆಂಡತಿಗೆ ಗೊತ್ತಾಗುವುದೇ ಮಣ್ಣು ಮಾಡಿ ಬಂದ ಮೇಲೆ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ.

ಆಮೇಲೆ ಅವಳ ಸರದಿ. ಉತಾರ ಗಂಡನ ಹೆಸರಲ್ಲಿದ್ದರೆ ವಾರಸಾ ಮಾಡಿಸಿಕೊಳ್ಳಬೇಕು. ಮಾವನ ಹೆಸರಲ್ಲಿದ್ದರೆ ಮೈದುನರು ಒಪ್ಪಬೇಕು. ಸಾಲ ಮಾತ್ರ ಅವಳ ಪಾಲಿಗೆ ಬರುತ್ತದೆ, ಹೊಲ ಬರುವುದು ಕಷ್ಟ. ಹೊಲ ಅವನೊಬ್ಬನದೇ, ರೊಕ್ಕದ ಲೆಕ್ಕ ಅವನೊಬ್ಬನದೇ, ಸೋಲೂ ಅವನೊಬ್ಬನದೇ ಅನ್ನುವ ಒಂದೇ ಕಟ್ಟಳೆ ಅವನನ್ನು ಕೊಂದಿತು, ಅವಳನ್ನು ಬೀದಿಗೆ ತಂದಿತು. ಗಂಡಸರ ಕಷ್ಟ ಬೇರೆ, ಹೆಂಗಸರ ಕಷ್ಟ ಬೇರೆ, ಒಂದರ ಬಗ್ಗೆ ಮಾತಾಡಿದರೆ ಇನ್ನೊಂದಕ್ಕೆ ಮೋಸ ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲದ್ದು ಇದಕ್ಕೇ. ಸ್ತ್ರೀವಾದ ಮುರಿಯಲು ಹೊರಟದ್ದು ಇದೇ ಕಟ್ಟಳೆಯನ್ನು. ಅದರಿಂದ ಗಂಡಸರೂ ಸಾಯುತ್ತಿದ್ದಾರೆ ಅಂತ ಗಟ್ಟಿಯಾಗಿ, ಪದೇ ಪದೇ ಹೇಳುವುದನ್ನು ನಮ್ಮ ಮಹಿಳಾ ಸಂಘಟನೆಗಳು ಇನ್ನೂ ಜಾಸ್ತಿ ಮಾಡಬೇಕು. ಅಷ್ಟರ ಮಟ್ಟಿಗೆ ಟೀಕೆ ಸರಿ.

ಅವತ್ತು ಊಟ ಮುಗಿದ ಮೇಲೆ ಅಳಿಯ ತಾಟು ತೊಳೆದಿಟ್ಟು ಬಂದು ಕೂತ. ಊರಿನ ಸುದ್ದಿ ಬಂತು. ನನ್ನ ತಮ್ಮನಿಗೆ ಈಚೆಗೆ ಸಕ್ಕರೆ ಕಾಯಿಲೆ ಜಾಸ್ತಿ ಆಗಿದೆ, ಹೊಲದ ಕಾಗದ ಎಲ್ಲ ಒಂದು ಸರಿ ಮಾಡಿಸಿಬಿಡಬೇಕು ಅನ್ನುತ್ತಿದ್ದಾನಂತೆ. ವಂಶಾವಳಿಗೆ ಅರ್ಜಿ ಕೊಡಲು ಅಳಿಯನಿಗೆ ಹೇಳಿದ್ದಾನೆ.

“ವಂಶಾವಳಿಯೊಳಗ ನನ್ನ ಹೆಸರು ಬರೀತೀಯಲ್ಲ?” ಅಂತ ತಂಗಿ ಕೇಳಿದಳು. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

ಅವನು ನನ್ನ ಮುಖ ನೋಡಿದ. ಎಷ್ಟೋ ಮನೆಗಳಲ್ಲಿ ವಂಶಾವಳಿ ಬರೆಸುವಾಗಲೇ ಹೆಣ್ಣುಮಕ್ಕಳ ಹೆಸರು ಬಿಡುತ್ತಾರೆ, ಆಮೇಲೆ ಸಹಿ ಕೇಳುವ ಪ್ರಮೇಯವೇ ಬರುವುದಿಲ್ಲ ಅಂತ ಅವನಿಗೆ ಹೇಳಿದೆ. ಹೆಸರು ಬಿಟ್ಟು ಮಾಡಿಸಿದ ವಾಟ್ನಿಯನ್ನು ಅವಳು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು ಅಂತಲೂ ಹೇಳಿದೆ. ಅವನು ಫೋನ್ ತೆಗೆದು ಅರ್ಜಿಯ ಫೋಟೊ ತೋರಿಸಿದ. ಅಪ್ಪನ ಹೆಸರು, ಅವ್ವನ ಹೆಸರು, ಅವನ ಹೆಸರು ಇತ್ತು. ಅದರ ಕೆಳಗಿನ ಸಾಲು ಖಾಲಿ ಇತ್ತು.

“ಇನ್ನೂ ಕೊಟ್ಟಿಲ್ಲ ಅತ್ತಿ” ಅಂದ. ತಂಗಿ ಪರ್ಸಿನಿಂದ ಪೆನ್ನು ತೆಗೆದು ಅವನ ಮುಂದಿಟ್ಟಳು. “ಅರ್ಜಿ ರೂಮಿನ್ಯಾಗ ಐತಿ” ಅಂದ ಅವನು. ಪೆನ್ನು ಮಾತ್ರ ಕಿಸೆಯಲ್ಲಿ ಇಟ್ಟುಕೊಂಡ.